ಮನೆ ಖಾಲಿ ಮಾಡಿಸಲು ಕಾರಣ ಬೇಡ, ಕೋರ್ಟು ಬೇಕು

2025ರ ನವೆಂಬರ್ ಸುಮಾರಿಗೆ ‘ಹೊಸ ಬಾಡಿಗೆ ನಿಯಮ 2025’ ಅನ್ನೋ ಸುದ್ದಿ ಎಲ್ಲ ಕಡೆ ಓಡಾಡಿತು. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಕರಾರನ್ನು ಎರಡು ತಿಂಗಳೊಳಗೆ ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು, ಖಾಲಿ ಮಾಡಿಸುವ ಕೇಸು 60 ದಿನದಲ್ಲಿ ಮುಗಿಯುತ್ತೆ ಅಂತೆಲ್ಲ ಅದರಲ್ಲಿತ್ತು. ಇಡೀ ದೇಶಕ್ಕೆ ಅನ್ವಯ ಎನ್ನುವ ಧಾಟಿಯಲ್ಲೇ ಹಲವರು ಹಂಚಿಕೊಂಡರು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾಗಿರುವ ಬೆಂಗಳೂರಿನ ಬಾಡಿಗೆದಾರರಿಗೆ ಇದು ಸಿಹಿ ಸುದ್ದಿಯಂತೆ ಕಂಡಿತು. ಎರಡು ತಿಂಗಳಲ್ಲಿ ಮನೆ ಕೈಗೆ ಬರುತ್ತೆ ಅಂತ ಮಾಲೀಕರೂ ಖುಷಿಪಟ್ಟರು.

ಆದರೆ ಕರ್ನಾಟಕದಲ್ಲಿ ಹಾಗೊಂದು ನಿಯಮ ಜಾರಿಗೆ ಬಂದಿರಲಿಲ್ಲ. ಹಾಗಾದರೆ ನಮ್ಮಲ್ಲಿ ಮನೆ ಖಾಲಿ ಮಾಡಿಸೋದು ಯಾವ ಕಾನೂನಿನ ಪ್ರಕಾರ? ಬಾಡಿಗೆದಾರರಿಗೆ ಏನು ರಕ್ಷಣೆ ಇದೆ, ಮಾಲೀಕರಿಗೆ ಏನು ದಾರಿ ಇದೆ? ಉತ್ತರ ಸ್ವಲ್ಪ ಸುತ್ತು ಬಳಸಿ ಬರುತ್ತದೆ.

ಮಾದರಿ ಅಂದರೆ ಕಾನೂನಲ್ಲ

ಆ ಸುದ್ದಿಯಲ್ಲಿದ್ದ ಬಹುಪಾಲು ಅಂಶಗಳ ಮೂಲ ಮಾದರಿ ಬಾಡಿಗೆ ಕಾಯ್ದೆ. ಕೇಂದ್ರ ಸಚಿವ ಸಂಪುಟ ಇದನ್ನು 2021ರ ಜೂನ್ 2ರಂದು ಒಪ್ಪಿ ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳು, ಅಂಗಡಿ-ಕಚೇರಿಗೆ ಆರು ತಿಂಗಳ ಬಾಡಿಗೆಯಷ್ಟೇ ಅಡ್ವಾನ್ಸ್ ಅನ್ನೋದು ಅದರಲ್ಲಿದೆ. ಅವಧಿ ಮುಗಿದರೂ ಬಿಡದವರು ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕೊಡಬೇಕು ಅನ್ನೋದೂ ಇದೆ. ಆದರೆ ಯಾವುದಾದರೂ ರಾಜ್ಯದ ಶಾಸನಸಭೆ ಇದನ್ನು ತನ್ನ ಕಾಯ್ದೆಯಾಗಿ ಮಾಡಿಕೊಂಡರೆ ಮಾತ್ರ ಆ ರಾಜ್ಯದಲ್ಲಿ ಅದಕ್ಕೆ ಬಲ. ಉತ್ತರ ಪ್ರದೇಶ, ಅಸ್ಸಾಂ 2021ರಲ್ಲಿ ಇದೇ ಜಾಡಿನಲ್ಲಿ ಕಾಯ್ದೆ ಮಾಡಿಕೊಂಡವು. ತಮಿಳುನಾಡು ಅದಕ್ಕೂ ಮೊದಲೇ, 2017ರಲ್ಲಿ, ತನ್ನದೇ ಹೊಸ ಕಾಯ್ದೆ ಮಾಡಿತ್ತು. ಕರ್ನಾಟಕ ಆ ಮಾದರಿಯನ್ನು ತನ್ನದಾಗಿಸಿಕೊಂಡಿಲ್ಲ. ಇಲ್ಲಿ ನಡೆಯೋದು ಹಳೆಯ ಎರಡು ಕಾನೂನುಗಳು.

3,500 ರೂಪಾಯಿಯ ಗೆರೆ

ಒಂದು, ಕರ್ನಾಟಕ ಬಾಡಿಗೆ ಕಾಯ್ದೆ, 1999. ಹೆಸರಿನಲ್ಲಿ 1999 ಇದ್ದರೂ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಇನ್ನೊಂದು, ಬ್ರಿಟಿಷರ ಕಾಲದ ಆಸ್ತಿ ವರ್ಗಾವಣೆ ಕಾಯ್ದೆ, 1882. ನಿಮ್ಮ ಮನೆ ಯಾವುದರ ಕೆಳಗೆ ಬರುತ್ತದೆ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ.

1999ರ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಬೇರೆ ಊರುಗಳಲ್ಲಿ ಈ ಗೆರೆ 2,000 ರೂಪಾಯಿ. ಅಂಗಡಿಯಾದರೆ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಮೀರಿರಬಾರದು. ಕಾಯ್ದೆ ಬರೆದಾಗ ಮಧ್ಯಮ ವರ್ಗದ ಎಷ್ಟೋ ಮನೆಗಳು ಇದರೊಳಗೆ ಬರುತ್ತಿದ್ದಿರಬೇಕು. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಒಂದು ಕೋಣೆ ಸಿಕ್ಕರೂ ಅದೃಷ್ಟ. ಹಾಗಾಗಿ ಬಾಡಿಗೆದಾರರ ರಕ್ಷಣೆಗೆ ಮಾಡಿದ ಕಾಯ್ದೆ ಬಹುಪಾಲು ಬಾಡಿಗೆದಾರರನ್ನು ಮುಟ್ಟುವುದೇ ಇಲ್ಲ. ಯಾರೂ ಆ ಕಾಯ್ದೆಯನ್ನು ರದ್ದು ಮಾಡಲಿಲ್ಲ. ಗೆರೆ ಇದ್ದಲ್ಲೇ ಇತ್ತು, ಬಾಡಿಗೆ ಮೇಲೆ ಹೋಯಿತು, ಅಷ್ಟೇ.

ಹಳೆಯ ಪೇಟೆ ಪ್ರದೇಶಗಳ ಸಣ್ಣ ಅಂಗಡಿಗಳು, ದಶಕಗಳಿಂದ ಬಾಡಿಗೆ ಏರದ ಹಳೆಯ ಮನೆಗಳು ಇನ್ನೂ ಅದರೊಳಗಿವೆ. ಅಲ್ಲಿ ಮಾಲೀಕರು ಸುಮ್ನೆ ‘ಬಿಡಿ’ ಅನ್ನುವಂತಿಲ್ಲ. 27ನೇ ಕಲಮು ಪಟ್ಟಿ ಮಾಡಿರುವ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕು: ಕೇಳಿ ನೋಟಿಸ್ ಕೊಟ್ಟು ಎರಡು ತಿಂಗಳಾದರೂ ಬಾಡಿಗೆ ಬಾಕಿ ಕಟ್ಟಿಲ್ಲ, ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಒಳಬಾಡಿಗೆ ಕೊಟ್ಟಿದ್ದಾರೆ, ತಮಗೇ ಆ ಮನೆ ನಿಜವಾಗಿ ಬೇಕಾಗಿದೆ, ಹೀಗೆ. ಸೈನಿಕರು, ವಿಧವೆಯರು, 65 ದಾಟಿದವರಂಥ ಕೆಲವು ಮಾಲೀಕರಿಗೆ ಬೇಗ ಮನೆ ವಾಪಸ್ ಸಿಗುವ ವಿಶೇಷ ದಾರಿಯೂ ಇದೆ. ಆ ದಾರಿಯಲ್ಲಿ ಬಾಡಿಗೆದಾರರು ಸೀದಾ ವಾದ ಮಾಡುವ ಹಾಗಿಲ್ಲ. ‘ನನಗೆ ಎದುರಿಸಲು ಅನುಮತಿ ಕೊಡಿ’ ಅಂತ ಮೊದಲು ಅರ್ಜಿ ಹಾಕಬೇಕು. ಗಡುವು ತಪ್ಪಿದರೆ ಮಾಲೀಕರು ಹೇಳಿದ್ದನ್ನು ಒಪ್ಪಿದ ಹಾಗೆ ಲೆಕ್ಕ.

ಈ ಕಾಯ್ದೆಯ 45ನೇ ಕಲಮನ್ನು ಬಾಡಿಗೆದಾರರು ಗಮನದಲ್ಲಿಡಬೇಕು. ಕೇಸು ನಡೆಯುವಾಗ ಬಾಕಿ ಬಾಡಿಗೆ ಪೂರ್ತಿ ಕಟ್ಟಿ, ಮುಂದಿನದನ್ನೂ ತಪ್ಪದೆ ಕಟ್ಟುತ್ತಾ ಹೋದರೆ ಮಾತ್ರ ಎದುರುವಾದ ಮಾಡುವ ಹಕ್ಕು. ಸರಿಯಾದ ಕಾರಣ ಕೊಡದೆ ನಿಲ್ಲಿಸಿದರೆ ಕೋರ್ಟು ವಿಚಾರಣೆಯನ್ನೇ ನಿಲ್ಲಿಸಿ ಮನೆ ಬಿಡಲು ಆದೇಶಿಸಬಹುದು.

ಉಳಿದವರಿಗೆ ಏನಿದೆ?

ತಿಂಗಳಿಗೆ 18,000 ರೂಪಾಯಿ ಬಾಡಿಗೆ ಕೊಡುವ ಒಂದು ಮನೆ ಅಂದುಕೊಳ್ಳಿ. ಅದು 1882ರ ಕಾಯ್ದೆಗೆ ಬರುತ್ತದೆ. ಅಲ್ಲಿ ಕಾರಣಗಳ ಪಟ್ಟಿಯೇ ಇಲ್ಲ. ಕರಾರಿನ ಅವಧಿ ಮುಗಿದಿದ್ದರೆ ಅಥವಾ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗಿದ್ದರೆ, ಮಾಲೀಕರು ಯಾಕೆ ಅಂತ ಹೇಳಬೇಕಾಗಿಲ್ಲ. ಬಾಡಿಗೆ ಸರಿಯಾಗಿ ಕೊಟ್ಟಿದ್ದೀನಿ, ಮಕ್ಕಳ ಸ್ಕೂಲು ಪಕ್ಕದಲ್ಲೇ ಇದೆ, ಎಂಟು ವರ್ಷದಿಂದ ಇದ್ದೀನಿ ಎಂಬ ಯಾವುದೂ ಅಲ್ಲಿ ಉತ್ತರವಲ್ಲ. ಬಾಡಿಗೆದಾರರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ.

ಆದರೆ ಮಾಲೀಕರಿಗೂ ಗೊತ್ತಿಲ್ಲದ ಇನ್ನೊಂದು ಮಗ್ಗುಲಿದೆ. ಕಾರಣ ಬೇಡ ಅಂದಮಾತ್ರಕ್ಕೆ ತಾವೇ ಹೊರಗೆ ಹಾಕಬಹುದು ಅಂತಲ್ಲ. ಬಾಡಿಗೆದಾರರು ತಾವಾಗಿ ಬಿಡದಿದ್ದರೆ ನೋಟಿಸ್, ದಾವೆ, ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ), ಅಮಲ್ಜಾರಿ (ಆ ಆದೇಶವನ್ನು ಕೋರ್ಟಿನ ಮೂಲಕ ಜಾರಿ ಮಾಡಿಸುವುದು) ಎಂಬ ನಾಲ್ಕು ಮೆಟ್ಟಿಲು ಹತ್ತಲೇಬೇಕು. ಬಾಡಿಗೆದಾರರ ನಿಜವಾದ ರಕ್ಷಣೆ ಇರೋದು ಉಳಿಯುವ ಹಕ್ಕಿನಲ್ಲಲ್ಲ, ಈ ಮೆಟ್ಟಿಲುಗಳಲ್ಲಿ. ಮಾಲೀಕರ ಸಿಟ್ಟಿಗೂ ಇವೇ ಕಾರಣ.

ನೋಟಿಸ್: ಎಲ್ಲರೂ ಎಡವುವ ಜಾಗ

1882ರ ಕಾಯ್ದೆಯ 106ನೇ ಕಲಮಿನ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು. ಕರಾರಿನಲ್ಲಿ ಎರಡು ತಿಂಗಳು ಅಂತ ಬರೆದಿದ್ದರೆ ಅದೇ ನಡೆಯುತ್ತದೆ. ನೋಟಿಸ್ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ಕೈಗೆ ಕೊಡಬಹುದು, ಮನೆಯವರ ಕೈಗೆ ಕೊಡಬಹುದು. ಅದೂ ಆಗದಿದ್ದರೆ ಮನೆಯ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು. ‘ಮುಂದಿನ ತಿಂಗಳು ಖಾಲಿ ಮಾಡಿ ಸರ್’ ಅಂತ ಕಳಿಸಿದ ವಾಟ್ಸಾಪ್ ಸಂದೇಶವನ್ನೇ ನೋಟಿಸ್ ಅಂತ ನಂಬಿ ದಾವೆ ಹೂಡುವುದು ಜಾಣತನವಲ್ಲ.

ಹಿಂದೆ ದಿನದ ಲೆಕ್ಕದಲ್ಲಿ ಒಂದು ದಿನ ತಪ್ಪಿದರೂ ದಾವೆ ಬಿದ್ದುಹೋಗುತ್ತಿತ್ತು. ಬಾಡಿಗೆ ತಿಂಗಳು ಮುಗಿಯುವ ದಿನಕ್ಕೇ ನೋಟಿಸ್ ಅವಧಿಯೂ ಮುಗಿಯಬೇಕಿತ್ತು. ವಕೀಲರು ಕ್ಯಾಲೆಂಡರ್ ಹಿಡಿದು ವಾದ ಮಾಡುತ್ತಿದ್ದ ಕಾಲ ಅದು. ತಿದ್ದುಪಡಿ ಬಂದು 2002ರ ಡಿಸೆಂಬರ್ 31ರಿಂದ ಇದು ಬದಲಾಯಿತು. ಈಗ ನೋಟಿಸ್ ತಲುಪಿದ ದಿನದಿಂದ ಲೆಕ್ಕ. ನೋಟಿಸಿನಲ್ಲಿ ಬರೆದ ಅವಧಿ ಕಡಿಮೆಯಾಗಿದ್ದರೂ, 15 ದಿನ ಕಳೆದ ಮೇಲೆ ದಾವೆ ಹಾಕಿದ್ದರೆ ಆ ಒಂದೇ ಕಾರಣಕ್ಕೆ ಅದು ಬೀಳುವುದಿಲ್ಲ.

ಲಕೋಟೆ ವಾಪಸ್ ಬಂದರೆ? ‘ನಿರಾಕರಿಸಿದರು’, ‘ಬಾಗಿಲು ಹಾಕಿತ್ತು’ ಅಂತ ಅಂಚೆಯವರು ಷರಾ ಬರೆದ ಆ ಲಕೋಟೆಯನ್ನು ಮಾಲೀಕರು ಒಡೆಯದೆ ಹಾಗೇ ಇಟ್ಟುಕೊಳ್ಳಬೇಕು. ವಿಳಾಸ ಸರಿಯಿದ್ದರೆ ನೋಟಿಸ್ ತಲುಪಿತೆಂದೇ ಕೋರ್ಟು ಊಹಿಸುತ್ತದೆ. ಇಲ್ಲ ಅಂತ ತೋರಿಸುವ ಹೊಣೆ ಬಾಡಿಗೆದಾರರ ಮೇಲೆ ಬೀಳುತ್ತದೆ. ಹಾಗಾಗಿ ಪೋಸ್ಟ್‌ಮ್ಯಾನ್‌ಗೆ ‘ಬೇಡ’ ಅಂದು ಕಳಿಸಿದರೆ ತಪ್ಪಿಸಿಕೊಂಡ ಹಾಗಾಗುವುದಿಲ್ಲ. ಏನು ಬರೆದಿದ್ದಾರೆ ಅಂತ ತಿಳಿಯುವ ಅವಕಾಶ ಮಾತ್ರ ಕೈತಪ್ಪುತ್ತದೆ.

ಇನ್ನೊಂದು ಗೊಂದಲ ಯುಪಿಐ ಬಂದಮೇಲೆ ಜಾಸ್ತಿಯಾಗಿದೆ. ನೋಟಿಸ್ ಕೊಟ್ಟ ಮೇಲೂ ಪ್ರತಿ ತಿಂಗಳು ಬಾಡಿಗೆ ತಾನಾಗಿ ಖಾತೆಗೆ ಬಂದು ಬೀಳುತ್ತದೆ. ‘ಬಾಡಿಗೆ ತಗೊಂಡಿದ್ದಾರೆ, ಅಂದರೆ ನೋಟಿಸ್ ಕೈಬಿಟ್ಟಿದ್ದಾರೆ’ ಅಂತ ಬಾಡಿಗೆದಾರರ ಪರ ವಾದ ಬರುತ್ತದೆ. ಸುಪ್ರೀಂ ಕೋರ್ಟ್ 2006ರಲ್ಲಿ ಸರೂಪ್ ಸಿಂಗ್ ಗುಪ್ತಾ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ಬಾಡಿಗೆ ತೆಗೆದುಕೊಂಡಷ್ಟಕ್ಕೇ ನೋಟಿಸ್ ಬಿಟ್ಟುಕೊಟ್ಟಂತಲ್ಲ, ಬಾಡಿಗೆ ಮುಂದುವರಿಸುವ ಮನಸ್ಸಿತ್ತು ಅನ್ನೋದು ನಡವಳಿಕೆಯಿಂದ ಕಾಣಬೇಕು. ಹಾಗಿದ್ದರೂ ‘ನೋಟಿಸಿಗೆ ಬಾಧಕವಿಲ್ಲದೆ ಪಡೆದಿದ್ದೇನೆ’ ಅಂತ ಒಂದು ಸಾಲು ಬರೆದು ಕಳಿಸುವುದು ಮಾಲೀಕರಿಗೆ ಒಳ್ಳೆಯದು.

ಕರಾರಿಗೆ ಇನ್ನೂ ಅವಧಿ ಇದ್ದರೆ ವಿಷಯ ಬೇರೆ. ಮೂರು ವರ್ಷಕ್ಕೆ ನೋಂದಣಿಯಾದ ಕರಾರಿದ್ದು, ಮಧ್ಯದಲ್ಲಿ ಮುಗಿಸುವ ಷರತ್ತು ಇಲ್ಲದಿದ್ದರೆ 15 ದಿನದ ನೋಟಿಸಿಗೆ ಬೆಲೆಯಿಲ್ಲ. ಒಂದು ವರ್ಷ ಮೀರಿದ ಕರಾರು ನೋಂದಣಿಯಾಗಿರದಿದ್ದರೆ ಆ ಅವಧಿ ಕಾಗದದ ಮೇಲಷ್ಟೇ, ಕೋರ್ಟಿನ ಕಣ್ಣಿಗೆ ಅದು ಸಾಮಾನ್ಯವಾಗಿ ತಿಂಗಳ ಬಾಡಿಗೆ. ಎಲ್ಲರೂ 11 ತಿಂಗಳಿಗೇ ಬರೆಸುವುದರ ಹಿಂದೆ ಇರೋದು ಈ ನೋಂದಣಿಯ ಖರ್ಚು, ಬೇರೆ ಮರ್ಮವೇನಿಲ್ಲ. ಸ್ಟಾಂಪ್ ಕಡಿಮೆ ಹಾಕಿದ ಕರಾರನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಹೋದರೆ ಎದುರಾಳಿಯ ಆಕ್ಷೇಪಣೆ ಗ್ಯಾರಂಟಿ. ಆಗ ಕರ್ನಾಟಕ ಸ್ಟಾಂಪ್ ಕಾಯ್ದೆಯಂತೆ ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ತೆರಬೇಕಾಗಿ ಬರುತ್ತದೆ.

ಬೀಗ, ಕರೆಂಟು, ಪೊಲೀಸು

ಕೇಸು ಹಾಕಿದರೆ ವರ್ಷಗಟ್ಟಲೆ ಎಳೆಯುತ್ತದೆ ಅನ್ನೋ ಭಯಕ್ಕೆ ಕೆಲವು ಮಾಲೀಕರು ಅಡ್ಡದಾರಿ ಹಿಡಿಯುತ್ತಾರೆ. ಬಾಡಿಗೆದಾರರು ಊರಿಗೆ ಹೋದಾಗ ಬೀಗ ಬದಲಾಯಿಸುವುದು, ನೀರಿನ ವಾಲ್ವ್ ತಿರುಗಿಸುವುದು, ಮೇನ್ ಸ್ವಿಚ್ ಆಫ್ ಮಾಡುವುದು. ಪರಿಚಯದ ಪೊಲೀಸರಿಂದ ಒಂದು ಫೋನ್ ಮಾಡಿಸುವುದೂ ಇದೆ.

ಕಾನೂನು ಇಲ್ಲಿ ಬಹಳ ಸ್ಪಷ್ಟ. ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಮಿನ ಪ್ರಕಾರ, ಕಾನೂನು ಕ್ರಮ ಬಿಟ್ಟು ಬೇರೆ ರೀತಿಯಲ್ಲಿ ಯಾರನ್ನಾದರೂ ಒಪ್ಪಿಗೆಯಿಲ್ಲದೆ ಹೊರಹಾಕಿದರೆ, ಅವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯಬಹುದು. ಆ ದಾವೆಯಲ್ಲಿ ಮನೆ ಯಾರದ್ದು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ‘ನಾನೇ ಓನರ್, ಖಾತೆ ನನ್ನ ಹೆಸರಲ್ಲಿದೆ’ ಅನ್ನೋದು ಅಲ್ಲಿ ಉತ್ತರವಾಗುವುದಿಲ್ಲ. ನಮ್ಮ ರಾಜ್ಯದಿಂದಲೇ ಹೋದ ರಾಮೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೆಲೆಯೂರಿದ ಸ್ವಾಧೀನದ ಬಗ್ಗೆ ವಿವರವಾಗಿ ಹೇಳಿದೆ. ಅಂಥ ಸ್ವಾಧೀನದಲ್ಲಿ ಇರುವವರನ್ನು ನಿಜವಾದ ಮಾಲೀಕರೂ ಕಾನೂನಿನ ದಾರಿಯಲ್ಲಷ್ಟೇ ಎಬ್ಬಿಸಬಹುದು.

ಆರು ತಿಂಗಳು ಅನ್ನೋದು ಗಟ್ಟಿ ಗಡುವು. ಬೀಗ ಹಾಕಿಸಿಕೊಂಡವರು ಸ್ಟೇಷನ್ನು, ಹಿರಿಯರು, ರಾಜಿ ಅಂತ ಓಡಾಡುತ್ತಾ ಅದನ್ನು ಕಳೆದುಕೊಂಡರೆ ಈ ಸುಲಭದ ದಾರಿ ಮುಚ್ಚಿಹೋಗುತ್ತದೆ.

ಕರೆಂಟಿನ ವಿಷಯದಲ್ಲಿ, ವಿದ್ಯುತ್ ಕಾಯ್ದೆ, 2003ರ 43ನೇ ಕಲಮು ಮಾಲೀಕರಷ್ಟೇ ಅಲ್ಲ, ಜಾಗದಲ್ಲಿ ವಾಸ ಇರುವವರೂ ಸಂಪರ್ಕ ಕೇಳಬಹುದು ಅನ್ನುತ್ತದೆ. ಮಾಲೀಕರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಲ್ಲ ಎಂಬ ಕಾರಣಕ್ಕೆ ಬಾಡಿಗೆದಾರರಿಗೆ ವಿದ್ಯುತ್ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ದಿಲೀಪ್ ವಿರುದ್ಧ ಸತೀಶ್ ಪ್ರಕರಣದಲ್ಲಿ ಹೇಳಿದೆ. ಬೆಸ್ಕಾಂ ಕೌಂಟರಿನಲ್ಲಿ ಈ ಮಾತು ಎಷ್ಟು ಬೇಗ ಕೆಲಸ ಮಾಡುತ್ತದೆ ಅನ್ನೋದು ಬೇರೆ ಮಾತು.

ಪೊಲೀಸರಿಗೆ ಮನೆ ಖಾಲಿ ಮಾಡಿಸುವ ಅಧಿಕಾರ ಇಲ್ಲ. ಜಗಳ, ಬೆದರಿಕೆ, ಹಲ್ಲೆ ಆದರೆ ಅವರು ಬರಲೇಬೇಕು. ಬಾಡಿಗೆ ಬಾಕಿ ವಸೂಲಿ, ಬೀಗದ ಕೀ ಕೊಡಿಸುವುದು ಸಿವಿಲ್ ಕೋರ್ಟಿನ ಕೆಲಸ. ಡಿಕ್ರಿ ಬಂದ ಮೇಲೆ ಕೋರ್ಟು ರಕ್ಷಣೆ ಕೊಡಿ ಅಂದರೆ ಆಗ ಅವರ ಪಾತ್ರ.

‘ಸ್ಟೇ ತಂದಿದ್ದಾರೆ’

ಮಾಲೀಕರು ಗದರಿಸಲು ಶುರು ಮಾಡಿದರೆ ಬಾಡಿಗೆದಾರರು ಮಾಡುವ ಮೊದಲ ಕೆಲಸ ತಡೆಯಾಜ್ಞೆಯ ದಾವೆ. ಕೋರ್ಟು ಸಾಮಾನ್ಯವಾಗಿ ‘ಕಾನೂನು ಕ್ರಮದ ಮೂಲಕವಲ್ಲದೆ ಇವರನ್ನು ತೆರವು ಮಾಡಬಾರದು’ ಅಂತ ಆದೇಶ ಕೊಡುತ್ತದೆ. ಬೀದಿಯಲ್ಲಿ ಇದು ‘ಸ್ಟೇ ತಂದಿದ್ದಾರೆ, ಇನ್ನು ಏನೂ ಮಾಡೋಕಾಗಲ್ಲ’ ಅಂತ ಪ್ರಚಾರವಾಗುತ್ತದೆ. ಮಾಲೀಕರು ಹೆದರಿ ಎರಡು ಮೂರು ವರ್ಷ ಸುಮ್ಮನೆ ಕೂತಿರುವುದೂ ಉಂಟು.

ಆ ಸಾಲನ್ನು ಇನ್ನೊಮ್ಮೆ ಓದಿ. ಕಾನೂನು ಕ್ರಮದ ಮೂಲಕ ತೆರವು ಮಾಡಲು ಅದು ಅಡ್ಡಿಯೇ ಅಲ್ಲ. ಮರುದಿನವೇ ನೋಟಿಸ್ ಕೊಟ್ಟು ಸ್ವಾಧೀನದ ದಾವೆ ಹೂಡಬಹುದು. ತಮ್ಮನ್ನು ಕೇಳದೆ ಆದೇಶ ಆಗಬಾರದು ಅನ್ನುವ ಮಾಲೀಕರು ಮೊದಲೇ ಕೋರ್ಟಿನಲ್ಲಿ ಕೇವಿಯಟ್, ಅಂದರೆ ಮುನ್ನೆಚ್ಚರಿಕೆಯ ಅರ್ಜಿ, ಹಾಕಿಡಬಹುದು. ಅದಕ್ಕೆ 90 ದಿನ ಬಾಳಿಕೆ.

ಕೋರ್ಟಿನ ಒಳಗೆ

ಬೆಂಗಳೂರಿನಲ್ಲಿ ಇಂಥ ದಾವೆಗಳು ಬಹಳಷ್ಟು ಸಣ್ಣ ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋಗುತ್ತವೆ, ಬೇರೆ ಊರುಗಳಲ್ಲಿ ಸಿವಿಲ್ ನ್ಯಾಯಾಧೀಶರ ಮುಂದೆ. ಸಮನ್ಸ್ ಬಂದ ಮೇಲೆ ಬಾಡಿಗೆದಾರರು ಲಿಖಿತ ಹೇಳಿಕೆ ಸಲ್ಲಿಸಲು ಸಾಮಾನ್ಯ ಸಿವಿಲ್ ದಾವೆಯಲ್ಲಿ 30 ದಿನ, ಕೋರ್ಟು ಒಪ್ಪಿದರೆ 90 ದಿನದವರೆಗೆ. ಹಾಜರಾಗದೆ ಉಳಿದರೆ ಏಕಪಕ್ಷೀಯ ಡಿಕ್ರಿ. ಸಮನ್ಸೇ ತಲುಪಿರಲಿಲ್ಲ ಅಂತಾದರೆ ಗೊತ್ತಾದ ದಿನದಿಂದ 30 ದಿನದೊಳಗೆ ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ಉಚಿತ ಕಾನೂನು ನೆರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯೂ ಇಲ್ಲ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ.

1882ರ ಕಾಯ್ದೆಯ ಕೇಸಿನಲ್ಲಿ ಕೋರ್ಟು ಮುಖ್ಯವಾಗಿ ನೋಡುವುದು ಮೂರೇ. ಇವರಿಬ್ಬರು ಮಾಲೀಕರು-ಬಾಡಿಗೆದಾರರು ಹೌದಾ? ಬಾಡಿಗೆ 3,500 ಮೀರಿದೆಯಾ? ನೋಟಿಸ್ ಸರಿಯಾಗಿ ಆಗಿದೆಯಾ ಅಥವಾ ಅವಧಿ ಮುಗಿದಿದೆಯಾ? ಮೂರನ್ನೂ ಬಾಡಿಗೆದಾರರೇ ಒಪ್ಪಿಕೊಂಡರೆ ಸಾಕ್ಷಿ ವಿಚಾರಣೆಯಿಲ್ಲದೆ ಅಲ್ಲೇ ಡಿಕ್ರಿ ಕೊಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 12ನೇ ಆದೇಶದ 6ನೇ ನಿಯಮ ಅವಕಾಶ ಕೊಡುತ್ತದೆ. ಹೀಗಾಗಿಯೇ ಕೆಲವು ಬಾಡಿಗೆದಾರರು ಯಾವುದನ್ನೂ ಒಪ್ಪುವುದಿಲ್ಲ. ಮಾಲೀಕರು ಇವರೇ ಅಲ್ಲ ಅನ್ನುತ್ತಾರೆ, ಮನೆ ಕೊಳ್ಳಲು ಬಾಯಿಮಾತಿನ ಕರಾರಾಗಿತ್ತು ಅನ್ನುತ್ತಾರೆ. ಈ ಆಟದಲ್ಲಿ ಅಪಾಯವಿದೆ. ಬಾಡಿಗೆಗೆ ಒಳಬಂದವರು ಆಮೇಲೆ ಮಾಲೀಕರ ಹಕ್ಕನ್ನೇ ಅಲ್ಲಗಳೆಯಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಅಲ್ಲಗಳೆದದ್ದೇ ಬಾಡಿಗೆ ಹಕ್ಕು ಕಳೆದುಕೊಳ್ಳುವ ಕಾರಣವೂ ಆಗಬಹುದು.

ಅಡ್ವಾನ್ಸನ್ನು ಬಾಡಿಗೆಗೆ ಹಿಡಿದುಕೊಳ್ಳಿ ಅಂತ ಬಾಡಿಗೆ ನಿಲ್ಲಿಸುವುದು ಇನ್ನೊಂದು ರೂಢಿ. ಕರಾರಿನಲ್ಲಿ ಹಾಗೆ ಬರೆದಿಲ್ಲದಿದ್ದರೆ ಕೇಸಿನಲ್ಲಿ ಇದು ‘ಬಾಕಿದಾರ’ ಅನ್ನೋ ಹೆಸರು ತರುತ್ತದೆ. ಬಾಡಿಗೆ ಕಟ್ಟುತ್ತಾ, ಅಡ್ವಾನ್ಸ್ ವಾಪಸಿಗೆ ಅದೇ ದಾವೆಯಲ್ಲಿ ಪ್ರತಿದಾವೆ ಹೂಡುವುದು ಭದ್ರವಾದ ದಾರಿ. ಬಾಕಿಯ ಕಾರಣಕ್ಕೇ ಕರಾರು ಕಳೆದುಕೊಳ್ಳುವ ಸ್ಥಿತಿ ಬಂದರೆ, ವಿಚಾರಣೆ ವೇಳೆ ಬಾಕಿ, ಬಡ್ಡಿ, ಖರ್ಚು ಕಟ್ಟಿ ಉಳಿಸಿಕೊಳ್ಳಲು 1882ರ ಕಾಯ್ದೆಯ 114ನೇ ಕಲಮು ಅವಕಾಶ ಕೊಡುತ್ತದೆ. ಆದರೆ 15 ದಿನದ ನೋಟಿಸಿನಿಂದ ಮುಗಿದ ಬಾಡಿಗೆಗೆ ಅದು ದಕ್ಕುವುದಿಲ್ಲ.

ಮಧ್ಯೆ ಮನೆ ಮಾರಾಟವಾದರೆ? ಕೊಂಡವರು ಹಳೆಯ ಮಾಲೀಕರ ಜಾಗಕ್ಕೆ ಬರುತ್ತಾರೆ, ಅಷ್ಟೇ. ಮೆಟ್ಟಿಲುಗಳು ಅವರಿಗೂ ಅವೇ.

ಡಿಕ್ರಿ ಬಂದ ಮೇಲೂ ಮನೆ ಬರುವುದಿಲ್ಲ

ನಿಜವಾದ ಕಂಟಕ ಇರೋದು ಇಲ್ಲಿ. ಡಿಕ್ರಿ ಅಂದರೆ ಕೀ ಅಲ್ಲ. ಬಾಡಿಗೆದಾರರು ಮೇಲಿನ ಕೋರ್ಟಿಗೆ ಹೋಗಬಹುದು. ಹೋದಮಾತ್ರಕ್ಕೆ ತಡೆ ಸಿಗುವುದಿಲ್ಲ, ಕೇಳಿ ಪಡೆಯಬೇಕು. ತಡೆ ಕೊಡುವಾಗ ಕೋರ್ಟು ಹಳೆಯ ಬಾಡಿಗೆಯಲ್ಲ, ಇವತ್ತಿನ ಮಾರುಕಟ್ಟೆ ದರದಲ್ಲಿ ಹಣ ಕಟ್ಟಲು ಹೇಳಬಹುದು ಅಂತ ಸುಪ್ರೀಂ ಕೋರ್ಟ್ ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಡಿಕ್ರಿ ಆದ ದಿನದಿಂದ ಅವರು ಬಾಡಿಗೆದಾರರಲ್ಲ, ಸುಮ್ಮನೆ ಜಾಗ ಹಿಡಿದಿರುವವರು ಅನ್ನೋದು ಅದರ ತರ್ಕ. ನನ್ನ ಪ್ರಕಾರ ಎಳೆದಾಟ ಕಡಿಮೆ ಮಾಡಲು ಇರುವ ಅತ್ಯಂತ ಪರಿಣಾಮಕಾರಿ ಅಸ್ತ್ರ ಇದೇ. ಕೆಳಗಿನ ಕೋರ್ಟುಗಳಲ್ಲಿ ಇದನ್ನು ಕೇಳುವ ಮಾಲೀಕರೇ ಕಡಿಮೆ.

ಮೇಲ್ಮನವಿ ಮುಗಿದ ಮೇಲೆ ಅಮಲ್ಜಾರಿ ಅರ್ಜಿ. ಕೋರ್ಟು ಸ್ವಾಧೀನದ ವಾರಂಟ್ ಕೊಡುತ್ತದೆ. ಕೋರ್ಟಿನ ಆದೇಶ ಜಾರಿ ಮಾಡುವ ಸಿಬ್ಬಂದಿ, ಅಂದರೆ ಅಮೀನರು, ಮನೆಗೆ ಹೋಗುತ್ತಾರೆ. ಬಾಗಿಲು ಹಾಕಿದ್ದರೆ ಬೀಗ ಒಡೆಯಲು ಕೋರ್ಟಿನ ಆದೇಶ ಬೇಕು, ಗಲಾಟೆಯ ಭಯವಿದ್ದರೆ ಪೊಲೀಸ್ ರಕ್ಷಣೆಗೆ ಇನ್ನೊಂದು ಅರ್ಜಿ. ಒಂದೊಂದು ಅರ್ಜಿಗೂ ಒಂದೊಂದು ವಾಯಿದೆ. ಅಷ್ಟರಲ್ಲಿ ಒಳಗಿಂದ ಒಬ್ಬರು ಬಂದು ‘ಡಿಕ್ರಿ ಅವರ ಮೇಲೆ ಆಗಿದ್ದು, ನಾನು ಬೇರೆ, ನನಗೆ ನನ್ನದೇ ಹಕ್ಕಿದೆ’ ಅಂತ ಅಡ್ಡ ನಿಂತರೆ ಅದನ್ನೂ ಅದೇ ಕೋರ್ಟು ವಿಚಾರಿಸಿ ತೀರ್ಮಾನಿಸಬೇಕು. ಮನೆ ಖಾಲಿಯಾದಾಗ ಒಳಗಿದ್ದ ಸಾಮಾನುಗಳನ್ನು ಪಟ್ಟಿ ಮಾಡಿ, ಮಹಜರು ಬರೆದು, ಪಂಚರ ಸಹಿ ಹಾಕಿಸಿದ ಮೇಲೆ ಕೀ ಮಾಲೀಕರ ಕೈಗೆ ಬರುತ್ತದೆ.

ಬೆಂಗಳೂರಿನ ಆಸ್ತಿಯೊಂದರ ಕೇಸಿನಲ್ಲೇ, 2021ರ ರಾಹುಲ್ ಷಾ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಅಮಲ್ಜಾರಿ ಆರು ತಿಂಗಳಲ್ಲಿ ಮುಗಿಯಬೇಕು ಅಂತ ಹೇಳಿತು. 2025ರಲ್ಲಿ ಎಲ್ಲ ಹೈಕೋರ್ಟುಗಳಿಂದ ಲೆಕ್ಕ ತರಿಸಿದಾಗ ದೇಶದಲ್ಲಿ 8.8 ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇರುವುದು ಹೊರಬಂತು. ಇದರಲ್ಲಿ ಎಲ್ಲ ಬಗೆಯ ಸಿವಿಲ್ ಡಿಕ್ರಿಗಳೂ ಸೇರಿವೆ, ಬಾಡಿಗೆಯದ್ದಷ್ಟೇ ಅಲ್ಲ. ಆದರೂ ಗೆದ್ದ ಮಾಲೀಕರು ಯಾಕೆ ಬೇಸತ್ತು ಬಾಡಿಗೆದಾರರಿಗೇ ದುಡ್ಡು ಕೊಟ್ಟು ಎಬ್ಬಿಸುತ್ತಾರೆ ಅನ್ನೋದು ಇದರಿಂದ ಅರ್ಥವಾಗುತ್ತದೆ, ಅಲ್ವಾ?

ಇದರ ಬದಲು ಹಲವು ಕೇಸುಗಳು ರಾಜಿಯಲ್ಲಿ ಮುಗಿಯುತ್ತವೆ. ಆರು ತಿಂಗಳೋ ಒಂದು ವರ್ಷವೋ ಸಮಯ ಪಡೆದು, ಆ ದಿನ ಬಿಡುತ್ತೇನೆ, ಅಲ್ಲಿಯವರೆಗೆ ಬಾಡಿಗೆ ತಪ್ಪಿಸುವುದಿಲ್ಲ, ಬೇರೆಯವರನ್ನು ಒಳಗೆ ಸೇರಿಸುವುದಿಲ್ಲ ಅಂತ ಕೋರ್ಟಿಗೆ ಮುಚ್ಚಳಿಕೆ ಬರೆದುಕೊಡುತ್ತಾರೆ. ಮುಚ್ಚಳಿಕೆ ಮುರಿದರೆ ನ್ಯಾಯಾಂಗ ನಿಂದನೆಯ ಭಯವಿರುವುದರಿಂದ ಇದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ.

12 ವರ್ಷದ ಗುಮ್ಮ

ಹನ್ನೆರಡು ವರ್ಷ ಇದ್ದರೆ ಬಾಡಿಗೆದಾರರೇ ಮಾಲೀಕರಾಗುತ್ತಾರೆ ಅನ್ನೋ ಮಾತು ಎಲ್ಲ ಕಡೆ ಇದೆ. ಒಪ್ಪಿಗೆಯ ಮೇಲೆ ಒಳಗೆ ಬಂದವರ ಸ್ವಾಧೀನ ಎಷ್ಟು ವರ್ಷವಾದರೂ ಒಪ್ಪಿಗೆಯ ಸ್ವಾಧೀನವೇ. ಬಾಡಿಗೆ ಕೊಡುತ್ತಾ ಯಾರೂ ಪ್ರತಿಕೂಲ ಸ್ವಾಧೀನ, ಅಂದರೆ ಮಾಲೀಕರ ಒಪ್ಪಿಗೆಯಿಲ್ಲದೆ ವರ್ಷಗಟ್ಟಲೆ ಜಾಗ ಹಿಡಿದು ಪಡೆಯುವ ಹಕ್ಕು, ಸಾಧಿಸಲಾರರು. ಬಾಡಿಗೆ ಮುಗಿದ ದಿನದಿಂದ 12 ವರ್ಷದೊಳಗೆ ಮಾಲೀಕರು ದಾವೆ ಹಾಕಬೇಕು ಅನ್ನೋ ಗಡುವು ಮಾತ್ರ ಇದೆ. ಎರಡನ್ನೂ ಬೆರೆಸಿ ಹುಟ್ಟಿದ ಭಯ ಇದು.

ಭೋಗ್ಯದ ಮನೆ, ಬ್ಯಾಂಕಿನ ಬೀಗ

ಮೇಲೆ ಹೇಳಿದ ಮೆಟ್ಟಿಲುಗಳನ್ನೆಲ್ಲ ಹಾರಿಕೊಂಡು ಬರುವವರು ಒಬ್ಬರಿದ್ದಾರೆ. ಬ್ಯಾಂಕು. ಮಾಲೀಕರು ಮನೆ ಅಡವಿಟ್ಟು ಸಾಲ ಕಟ್ಟದಿದ್ದರೆ, ಬ್ಯಾಂಕುಗಳ ಸಾಲ ವಸೂಲಿಗೆ ಇರುವ 2002ರ ಸರ್ಫೇಸಿ ಕಾಯ್ದೆಯ 14ನೇ ಕಲಮಿನಂತೆ ಬ್ಯಾಂಕು ಮ್ಯಾಜಿಸ್ಟ್ರೇಟರ ನೆರವಿನಿಂದ ಸ್ವಾಧೀನ ಪಡೆಯಬಹುದು. ಬಾಡಿಗೆದಾರರ ಮೇಲೆ ಬೇರೆ ದಾವೆ ಹೂಡಬೇಕಾಗಿಲ್ಲ. ಬಾಡಿಗೆದಾರರು ಹೋಗಬೇಕಾದ ಜಾಗ ಸಾಲ ವಸೂಲಿ ನ್ಯಾಯಮಂಡಳಿ. ಅಲ್ಲಿ ಕೇಳುವ ಪ್ರಶ್ನೆ: ನಿಮ್ಮ ಕರಾರು ಅಡಮಾನಕ್ಕಿಂತ ಮೊದಲಿನದ್ದಾ, ನೋಂದಣಿ ಆಗಿದೆಯಾ, ಅವಧಿ ಉಳಿದಿದೆಯಾ? ನೋಂದಣಿಯಾಗದ 11 ತಿಂಗಳ ಕರಾರು ಹಿಡಿದು ನಿಂತವರಿಗೆ ಅಲ್ಲಿ ಬಲ ಕಡಿಮೆ.

ಇದರ ಪೆಟ್ಟು ಹೆಚ್ಚು ಬೀಳೋದು ಭೋಗ್ಯಕ್ಕೆ ಮನೆ ಹಿಡಿದವರಿಗೆ. ಬೆಂಗಳೂರಿನಲ್ಲಿ ‘ಲೀಸ್’ ಅಂತ ಕರೆಯೋದು ಇದನ್ನೇ. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವ ಏರ್ಪಾಡು. ಸರಿಯಾಗಿ ಬರೆದು ನೋಂದಾಯಿಸಿದರೆ ಅದು ಭೋಗ್ಯದ ಅಡಮಾನ, ಹಣ ಬರುವವರೆಗೆ ಸ್ವಾಧೀನ ಇಟ್ಟುಕೊಳ್ಳುವ ಗಟ್ಟಿ ಹಕ್ಕು. ನೋಂದಣಿ ಇಲ್ಲದಿದ್ದರೆ ಕೈಯಲ್ಲಿ ಉಳಿಯೋದು ಹಣ ವಸೂಲಿಯ ದಾವೆಯಷ್ಟೇ. ದುಡ್ಡು ಕೊಡುವ ಮೊದಲು ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ ನೋಡಲೇಬೇಕು.

ಪಿಜಿಯಲ್ಲಿ ಇರುವವರ ಸ್ಥಿತಿ ಇನ್ನೂ ಸಡಿಲ. ಅವರು ಸಾಮಾನ್ಯವಾಗಿ ಬಾಡಿಗೆದಾರರಲ್ಲ, ಪರವಾನಗಿಯ, ಅಂದರೆ ಬರೀ ಅನುಮತಿಯ, ಮೇಲೆ ಇರುವವರು. ಮೇಲಿನ ಲೆಕ್ಕ ಅವರಿಗೆ ಪೂರ್ತಿ ಅನ್ವಯಿಸುವುದಿಲ್ಲ.

ಮಾದರಿ ಕಾಯ್ದೆ ಬಂದರೆ?

ಕರ್ನಾಟಕ ಒಂದು ದಿನ ಮಾದರಿ ಕಾಯ್ದೆ ಒಪ್ಪಿಕೊಂಡರೆ ದೊಡ್ಡ ಬದಲಾವಣೆ ಅಡ್ವಾನ್ಸಿನದ್ದಲ್ಲ, ವೇದಿಕೆಯದ್ದು. ಸಿವಿಲ್ ಕೋರ್ಟುಗಳಿಂದ ಈ ಕೇಸುಗಳು ಹೊರಗೆ ಹೋಗುತ್ತವೆ. ಉಪವಿಭಾಗಾಧಿಕಾರಿಯ ಮಟ್ಟದ ಅಧಿಕಾರಿ ಬಾಡಿಗೆ ಪ್ರಾಧಿಕಾರ, ಅಪರ ಜಿಲ್ಲಾಧಿಕಾರಿಯ ಮಟ್ಟದವರು ಬಾಡಿಗೆ ನ್ಯಾಯಾಲಯ, ಅದರ ಮೇಲೆ ಜಿಲ್ಲಾ ನ್ಯಾಯಾಧೀಶರ ಮಟ್ಟದ ನ್ಯಾಯಮಂಡಳಿ.

ಮಾಲೀಕರ ಪರ ಇರುವವರು ಇದನ್ನು ಬೆಂಬಲಿಸುತ್ತಾರೆ. ವೇಗ ಬಂದರೆ ಬೀಗ ಹಾಕಿಟ್ಟ ಮನೆಗಳು ಬಾಡಿಗೆಗೆ ಬರುತ್ತವೆ, ಮನೆ ಹೆಚ್ಚಾದರೆ ಬಾಡಿಗೆ ಏರಿಕೆ ತಗ್ಗುತ್ತದೆ ಅನ್ನುವುದು ಅವರ ವಾದ. ಬಾಡಿಗೆದಾರರ ಪರ ಇರುವವರು ಬೇರೆ ಪ್ರಶ್ನೆ ಕೇಳುತ್ತಾರೆ. ಕಂದಾಯ ಇಲಾಖೆಯ ಅಧಿಕಾರಿಗೆ ಚುನಾವಣೆ, ಭೂದಾಖಲೆ, ಪ್ರವಾಹ ಪರಿಹಾರ ಎಲ್ಲವೂ ಇದೆ. ಅವರ ಮುಂದೆ 60 ದಿನದ ಗಡುವಿನಲ್ಲಿ ಸಾಕ್ಷಿ ಕೇಳುವ, ಅಡ್ಡ ಪ್ರಶ್ನೆ ಹಾಕುವ ಅವಕಾಶ ಎಷ್ಟು ಉಳಿಯುತ್ತದೆ? ನಮ್ಮ ತಹಶೀಲ್ದಾರ್ ಕಚೇರಿಗಳಲ್ಲಿ ಒಂದು ಪಹಣಿ ತಿದ್ದುಪಡಿಗೆ ಅಲೆದವರಿಗೆ 60 ದಿನ ಅನ್ನೋ ಮಾತು ಅಷ್ಟು ಸುಲಭವಾಗಿ ನಂಬಿಕೆ ಬರುವುದಿಲ್ಲ.

ಇಬ್ಬರ ವಾದದಲ್ಲೂ ಹುರುಳಿದೆ. ಆದರೆ ತಡ ಆಗುತ್ತಿರುವುದು ವಿಚಾರಣೆಯಲ್ಲಷ್ಟೇ ಅಲ್ಲ, ತೀರ್ಪಿನ ನಂತರದ ಅಮಲ್ಜಾರಿಯಲ್ಲಿ. ಸಮನ್ಸ್ ಜಾರಿ ಚುರುಕಾದರೆ, ತಡೆ ಕೊಡುವಾಗ ಮಾರುಕಟ್ಟೆ ದರದ ಹಣ ಕಟ್ಟಿಸಿದರೆ, ಅಮೀನರ ಸಂಖ್ಯೆ ಜಾಸ್ತಿ ಮಾಡಿದರೆ, ನ್ಯಾಯಾಧೀಶರನ್ನು ಬಿಟ್ಟು ಅಧಿಕಾರಿಗಳ ಕಡೆ ಹೋಗದೆಯೂ ಬಹಳಷ್ಟು ಸಮಯ ಉಳಿಯುತ್ತದೆ. 3,500ರ ಗೆರೆ ಏರಿಸಬೇಕಾ, ಪೂರ್ತಿ ತೆಗೆಯಬೇಕಾ ಅನ್ನೋದನ್ನು ಸರ್ಕಾರ ಹೇಗಿದ್ದರೂ ತೀರ್ಮಾನಿಸಲೇಬೇಕು. ಅದನ್ನು ಹಾಗೇ ಬಿಟ್ಟಷ್ಟು ದಿನ ಒಂದೇ ಬೀದಿಯಲ್ಲಿ 3,400 ಕೊಡುವವರಿಗೆ ಕಾರಣ ಕೇಳುವ ಹಕ್ಕು, 3,600 ಕೊಡುವವರಿಗೆ 15 ದಿನದ ನೋಟಿಸ್.

ಮಾದರಿ ಕಾಯ್ದೆಯನ್ನು ರೂಪಿಸಿರುವುದು ಮುಂದಿನ ಕರಾರುಗಳಿಗೆ, ಈಗಾಗಲೇ ಇರುವ ಬಾಡಿಗೆಗಳಿಗಲ್ಲ. ಹಾಗಾಗಿ ಅದು ಹಾಗೇ ಜಾರಿಗೆ ಬಂದರೂ ಇವತ್ತು ಕೈಯಲ್ಲಿರುವ ಕರಾರು, ಕೋರ್ಟಿನಲ್ಲಿರುವ ಕೇಸು ಹಳೆಯ ಕಾನೂನಿನಲ್ಲೇ ನಡೆಯುತ್ತದೆ. ಬಾಡಿಗೆದಾರರು ರಸೀದಿ ಅಥವಾ ಬ್ಯಾಂಕ್ ವರ್ಗಾವಣೆಯ ದಾಖಲೆ ಇಟ್ಟುಕೊಳ್ಳುವುದು, ಮಾಲೀಕರು ಸರಿಯಾದ ಸ್ಟಾಂಪಿನ ಕರಾರು ಮಾಡಿಸಿಕೊಳ್ಳುವುದು ಎರಡೂ ಕಾಲಕ್ಕೆ ಬೇಕಾದ ಕೆಲಸ.